ಸೇತುವೆ ಹಾರಿದ ಊರಿನಲ್ಲಿ ಗೂಬೆಗಾಗಿ ಕಾದೆವು

ಫಾರಿನ್ನಿಗೆ ಹೋಗ್ತಿದೀನಿ ಅಂತ ನಮ್ಮೂರ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಅಷ್ಟೂ ಜನ ಒಮ್ಮೆಗೇ ತಿರುಗಿದರು.

"ಯಾವ ಪಿಕ್ಚರ್ರು? ಹೀರೋ ಯಾರು? ಸಾಂಗ್ ಶೂಟಿಂಗಾ?"

"ಪಿಕ್ಚರ್ರೂ ಇಲ್ಲ, ಸಾಂಗೂ ಇಲ್ಲ. ಹಕ್ಕಿ ನೋಡೋಕೆ."

"ಯಾವ ಹಕ್ಕಿ ಗುರೂ?" ಅಂತ ಒಬ್ಬ ಕಣ್ಣು ಹೊಡೆದ.

"ಗೂಬೆ" ಅಂದೆ. ಅಂಗಡಿಯ ತಗಡು ಹಾರಿಹೋಗುವಂಥ ನಗು!

ಅವರದೇನೂ ತಪ್ಪಿಲ್ಲ ಬಿಡಿ. 1978ರಲ್ಲಿ ದ್ವಾರಕೀಶ್ ಮತ್ತು ವಿಷ್ಣುವರ್ಧನ್ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಅಂತ ವಿಮಾನ ಹತ್ತಿದಾಗಿನಿಂದ ನಮ್ಮಂಥ ಅಭಿಮಾನಿಗಳಿಗೆ ಫಾರಿನ್ ಅಂದರೆ ಔಟ್‌ಡೋರ್ ಶೂಟಿಂಗ್. ಅಲ್ಲಿಗೆ ಹೋಗಿ ಗೂಬೆ ನೋಡಿ ಬಂದವನನ್ನು ಯಾರು ತಾನೇ ಮೆಚ್ಚುತ್ತಾರೆ? ಆದರೂ ಹೋಗಿ ಬಂದೆ. ಹೇಗೆ ಹೋದೆ, ಎಷ್ಟು ಎಡವಿದೆ, ನೀವು ಹೋಗುವುದಾದರೆ ಹೇಗೆ ಹೋಗಬೇಕು ಅನ್ನುವುದೇ ಈ ಬರಹ.

ಚಿಕ್ಕಪ್ಪನ ಇಪ್ಪತ್ತೊಂದು ಆಟ

ಈ ಹುಚ್ಚು ಹತ್ತಿಸಿದವರು ನಮ್ಮ ಚಿಕ್ಕಪ್ಪ. ಬೆಂಗಳೂರಿನ ಟಾಕೀಸುಗಳಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಎಪ್ಪತ್ತರ ದಶಕದಲ್ಲಿ ಕಂಟೋನ್ಮೆಂಟಿನ ಒಂದು ಟಾಕೀಸಿನಲ್ಲಿ ಅಸಿಸ್ಟೆಂಟ್ ಆಗಿದ್ದಾಗ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರ ಎರಡನೇ ಸುತ್ತಿಗೆ ಬಂದಿತ್ತಂತೆ. ಒಂದು ವಾರ, ದಿನಕ್ಕೆ ಮೂರು ಆಟ. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ, ಸೇತುವೆ ರೈಲಿನ ಸಮೇತ ಹೊಳೆಗೆ ಉರುಳುವ ಆ ಕೊನೆಯ ಸೀನನ್ನು ಚಿಕ್ಕಪ್ಪ ಗೋಡೆಯ ಕಿಂಡಿಯಿಂದ ಇಪ್ಪತ್ತೊಂದು ಸಲ ನೋಡಿದ್ದಾರೆ.

ಡೇವಿಡ್ ಲೀನ್ ನಿರ್ದೇಶನದ ಆ ಚಿತ್ರ 1957ರದು. ಏಳು ಆಸ್ಕರ್ ಹೊಡೆದ ಚಿತ್ರ. ಕತೆ ನಡೆಯುವುದು ಬರ್ಮಾ-ಥಾಯ್ಲೆಂಡ್ ಕಡೆ. ಆದರೆ ಸೇತುವೆ ಕಟ್ಟಿ, ಹಾರಿಸಿ, ಶೂಟಿಂಗ್ ಮಾಡಿದ್ದು ಶ್ರೀಲಂಕಾದಲ್ಲಿ, ಕಿತುಲ್‌ಗಲ ಅನ್ನುವ ಊರಿನ ಕೆಲನಿ ನದಿಯ ಮೇಲೆ. ಆಟಿಕೆ ಸೇತುವೆಯಲ್ಲ, ನಿಜವಾದ ಮರದ ಸೇತುವೆ. ಅದರ ಮೇಲೆ ನಿಜವಾದ ರೈಲು! "ಒಂದ್ಸಲ ಆ ಹೊಳೆ ನೋಡಬೇಕು ಕಣ್ಲಾ" ಅನ್ನುವುದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅವರ ಪಲ್ಲವಿ.

ಹಕ್ಕಿ ಆಮೇಲೆ ಬಂತು. ಕೆಲಸ ಬಿಟ್ಟು ಊರಿಗೆ ಬಂದ ಚಿಕ್ಕಪ್ಪನಿಗೆ ಪಕ್ಕದ ಮನೆಯ ಮೇಷ್ಟ್ರು ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಕೊಟ್ಟರು. 'ಅಬಚೂರಿನ ಪೋಸ್ಟಾಫೀಸು' ಚಿತ್ರದ ಕತೆ ಬರೆದವರದ್ದು ಅಂತ ಗೊತ್ತಾದ ಮೇಲೆ ಚಿಕ್ಕಪ್ಪ ಪುಸ್ತಕ ಕೆಳಗಿಡಲಿಲ್ಲ. ಹಿತ್ತಲಲ್ಲಿ ಯಾವುದು ಕೂಗಿದರೂ ಪುಟ ತಿರುಗಿಸುವುದೇ ಕೆಲಸವಾಯಿತು.

ಹೋದ ವರ್ಷ ಚಿಕ್ಕಪ್ಪ ಹಗಲು ಹೊತ್ತಿನಲ್ಲೇ ಬಾಗಿಲ ಚೌಕಟ್ಟಿಗೆ ಹಾಯತೊಡಗಿದರು. ಡಾಕ್ಟರು ನೋಡಿ ಗ್ಲಾಕೋಮಾ ಅಂದರು. ಪಕ್ಕದ ನೋಟ ಮೊದಲು ಹೋಗುತ್ತದೆ, ಎದುರಿನದು ಉಳಿದಿರುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ದಿನಾ ಡ್ರಾಪ್ಸ್ ಹಾಕಿ ಇರುವುದನ್ನು ಉಳಿಸಿಕೊಳ್ಳಬೇಕು.

ಬಸ್ಸಿನಲ್ಲಿ ವಾಪಸ್ ಬರುವಾಗ ಚಿಕ್ಕಪ್ಪ ಅಂದರು: "ಜೀವಮಾನ ಪೂರ್ತಿ ಕಿಂಡಿಯಲ್ಲೇ ನೋಡಿದೋನು. ಈಗ ದೇವರು ಕಣ್ಣಿಗೇ ಕಿಂಡಿ ಕಟ್ಟವ್ನೆ."

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೆಕೆಂಡ್ ಹ್ಯಾಂಡ್ ಬೈಕಿಗೆ ಅಂತ ಕೂಡಿಟ್ಟ ದುಡ್ಡು ತೊಂಬತ್ತು ಸಾವಿರ ಇತ್ತು. ಕಿತುಲ್‌ಗಲದ ಬಗ್ಗೆ ಹುಡುಕುತ್ತಾ ಕೂತೆ. ಸೇತುವೆಯ ಆ ಊರು ಹಕ್ಕಿ ನೋಡುವವರ ಊರೂ ಹೌದು ಅಂತ ಆಗ ತಿಳಿಯಿತು. ಬೈಕ್ ಅಲ್ಲಿಗೆ ಕ್ಯಾನ್ಸಲ್!

ಯಾವ ದೇಶ, ಯಾವ ತಿಂಗಳು?

ಹೊಸಬರು ಹಕ್ಕಿ ನೋಡಲು ಹೊರದೇಶಕ್ಕೆ ಹೋಗುವುದಾದರೆ ಶ್ರೀಲಂಕಾ ಒಳ್ಳೆಯ ಮೊದಲ ಪಾಠ. ಬೆಂಗಳೂರಿನಿಂದ ಕೊಲಂಬೋಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ವಾಚಿನ ಮುಳ್ಳು ತಿರುಗಿಸುವ ಹಾಗೂ ಇಲ್ಲ, ಅಲ್ಲೂ ನಮ್ಮದೇ ಟೈಮು. ಇಡೀ ದೇಶ ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿನಷ್ಟು. ಅಷ್ಟರಲ್ಲೇ, ಜಗತ್ತಿನಲ್ಲಿ ಇನ್ನೆಲ್ಲೂ ಸಿಗದ ಹಕ್ಕಿಗಳು ಮೂವತ್ತಕ್ಕೂ ಹೆಚ್ಚು.

ತಿಂಗಳು? ಫೆಬ್ರವರಿ ಅಥವಾ ಮಾರ್ಚ್ ಮೊದಲ ಭಾಗ. ಚಳಿಗಾಲಕ್ಕೆ ಉತ್ತರದಿಂದ ಬಂದ ವಲಸೆ ಹಕ್ಕಿಗಳು ಇನ್ನೂ ಗಂಟುಮೂಟೆ ಕಟ್ಟಿರುವುದಿಲ್ಲ. ಅಲ್ಲಿಯವೇ ಆದ ಹಕ್ಕಿಗಳು ಕೂಗಾಟ ಶುರುಮಾಡಿರುತ್ತವೆ. ಮುಂಗಾರು ಬರುವುದು ಮೇ ತಿಂಗಳಲ್ಲಿ. ಮಾರ್ಚ್ ಮುಂದುವರಿದಂತೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿಯಾಗುತ್ತದೆ. ಬೆಳಗಿನ ಕೆಲಸ ಬೆಳಗ್ಗೆಯೇ ಮುಗಿಸಬೇಕು.

ಇನ್ನೊಂದು ಮಾತು. ಅಲ್ಲಿ ಪ್ರತಿ ಹುಣ್ಣಿಮೆಯೂ 'ಪೋಯ' ಅಂತ ಸರ್ಕಾರಿ ರಜೆ. ಬಸ್ಸು, ಲಾಡ್ಜು ತುಂಬಿರುತ್ತವೆ. ಹೆಂಡದಂಗಡಿಗೆ ಬೀಗ. ಯಾರಿಗೆ ಹೇಳ್ತಿದೀನಿ ಅಂತ ಅವರಿಗೆ ಗೊತ್ತು!

ಪಿ.ಯು.ಸಿ. ಬಿಟ್ಟವನ ಪಾಸ್‌ಪೋರ್ಟು

ಓದು ಅರ್ಧಕ್ಕೆ ಬಿಟ್ಟವನಿಗೆ ಪಾಸ್‌ಪೋರ್ಟ್ ಕೊಡ್ತಾರಾ ಅಂತ ನನಗೆ ಒಳಗೊಳಗೇ ಅಳುಕಿತ್ತು. ಕೊಡ್ತಾರೆ ಸ್ವಾಮಿ! ಕೇಳುವುದು ಹುಟ್ಟಿದ ತಾರೀಖು, ವಿಳಾಸ, ಗುರುತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಕಾರ್ಡು ಜೋಪಾನವಾಗಿಡಿ, ಕೆಲಸಕ್ಕೆ ಬರುತ್ತದೆ.

ತೊಂದರೆ ಆದದ್ದು ಚಿಕ್ಕಪ್ಪನದು. ಒಂದು ದಾಖಲೆಯಲ್ಲಿ ಅಪ್ಪನ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ಅದನ್ನು ಸರಿಮಾಡಿಸಲು ಒಂದು ಕಚೇರಿಯ ಮೆಟ್ಟಿಲು ತಿಂಗಳಿಡೀ ಹತ್ತಿ ಇಳಿದೆವು. ಇತ್ತ ಡ್ರಾಪ್ಸಿನ ಬಾಟ್ಲಿ ಒಂದೊಂದೇ ಖಾಲಿಯಾಗುತ್ತಿತ್ತು. ಅದಕ್ಕೇ ಹೇಳುವುದು: ಟಿಕೆಟ್ಟಿಗಿಂತ ನಾಲ್ಕು ತಿಂಗಳು ಮೊದಲೇ ಪಾಸ್‌ಪೋರ್ಟ್ ಕೆಲಸ ಹಿಡಿಯಿರಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಪಕ್ಕದ ಮನೆಯವನ ಮಾತು ಕೇಳದೆ ಶ್ರೀಲಂಕಾ ಸರ್ಕಾರದ ತಾಣದಲ್ಲೇ ನೋಡಿಕೊಳ್ಳಿ. ಔಷಧಿ ಇದ್ದರೆ ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

ಟ್ರೈಲರ್ ಬೇಡ, ಪಿಕ್ಚರ್ ನೋಡಿ

ನಾನು ಹಾಕಿದ ಮೊದಲ ಪ್ಲಾನು ಕೇಳಿದರೆ ನಗುತ್ತೀರಿ. ಆರು ದಿನಕ್ಕೆ ಏಳು ಜಾಗ! ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸಿಂಹರಾಜ ಕಾಡು, ಸಮುದ್ರದಂಚಿನ ಬುಂದಲ, ಹಾರ್ಟನ್ ಪ್ಲೇನ್ಸ್, ಯಾಲಾ... ಚೀಟಿ ಕೇಳಿಸಿಕೊಂಡ ಚಿಕ್ಕಪ್ಪ, "ಇದು ಹಕ್ಕಿ ನೋಡೋದೋ, ಬಸ್ಸಿನ ಕಿಟಕಿ ನೋಡೋದೋ? ಏಳು ಟ್ರೈಲರ್ ಬ್ಯಾಡ ಕಣ್ಲಾ. ಒಂದು ಪಿಕ್ಚರ್ ಪೂರ್ತಿ ತೋರ್ಸು" ಅಂದರು.

ಎರಡೇ ಜಾಗ ಉಳಿಸಿದೆವು. ಬೆಟ್ಟದ ಮೇಲಿನ ನುವಾರ ಎಲಿಯಾ ಎರಡು ರಾತ್ರಿ, ಕೆಳಗಿನ ಕಿತುಲ್‌ಗಲ ಮೂರು ರಾತ್ರಿ. ಎರಡೂ ಇರುವುದು ಒಂದೇ ಹೆದ್ದಾರಿಯ ಮೇಲೆ. ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಮೇಲೆ ಬಯಲು ಪಾರ್ಕು, ಹಕ್ಕಿ ಸುಲಭ. ಕೆಳಗೆ ದಟ್ಟ ಕಾಡು, ಹಕ್ಕಿ ಕಷ್ಟ. ಸುಲಭದ್ದು ಮೊದಲು ನೋಡಿದರೆ ಕಣ್ಣು ಪಳಗುತ್ತದೆ.

ಅದಕ್ಕೂ ಮೊದಲು ಊರಲ್ಲೇ ರಿಹರ್ಸಲ್ ಬೇಕು. ಜನವರಿ ಕೊನೆಯಲ್ಲಿ ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಮನೆಗಳ ನಡುವಿನ ಮರದಲ್ಲೇ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುವ ಊರದು. ದೊಡ್ಡ ಹಕ್ಕಿ, ಕೂತಲ್ಲೇ ಕೂರುತ್ತದೆ. ಬೈನಾಕ್ಯುಲರ್ ತಿರುಗಿಸಲು ಕಲಿಯಲು ಅದಕ್ಕಿಂತ ಒಳ್ಳೆಯ ಸ್ಕೂಲಿಲ್ಲ. ಬರಿಗಣ್ಣಿನಲ್ಲಿ ಹಕ್ಕಿಯನ್ನೇ ನೋಡುತ್ತಾ, ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು. ಈ ಒಂದು ಪಟ್ಟು ಬಂದರೆ ಅರ್ಧ ವಿದ್ಯೆ ಬಂದ ಹಾಗೆ.

ಬೈನಾಕ್ಯುಲರ್ ಮೇಲೆ 8x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಹೆಚ್ಚು ಪಟ್ಟಿನದು ಜಾಸ್ತಿ ಒಳ್ಳೆಯದು ಅಂತ ಅಂಗಡಿಯವನು ಹೇಳಿದರೆ ನಂಬಬೇಡಿ. ಪಟ್ಟು ಹೆಚ್ಚಿದಷ್ಟೂ ಕೈ ನಡುಕ ದೊಡ್ಡದಾಗಿ ಕಾಣುತ್ತದೆ, ಕಾಣುವ ಜಾಗ ಕಿರಿದಾಗುತ್ತದೆ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಕೆಳಗೆ ಮಡಿಸಿ ನೋಡಬೇಕು. ನಮ್ಮದಕ್ಕೆ ಒಂಬತ್ತು ಸಾವಿರವಾಯಿತು.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನಿಮ್ಮ ಸ್ಟಾರಿನ ಮುಖವಿರುವ ಹಳದಿ ಟೀ ಶರ್ಟು ಫಸ್ಟ್ ಡೇ ಫಸ್ಟ್ ಶೋಗೆ ಇರಲಿ, ಕಾಡಿಗೆ ಬೇಡ. ಮಲೆನಾಡಿನವರು ಇಂಬಳ ಅನ್ನುವ ಜಿಗಣೆಗೆ ಉದ್ದನೆಯ ಕಾಲುಚೀಲ ಬೇಕು. ಮತ್ತೆ, ಹಕ್ಕಿ ಕಂಡ ಖುಷಿಗೆ ಶಿಳ್ಳೆ ಹೊಡೆದೀರಿ ಜೋಕೆ!

ಕಾಶ್ಮೀರದಿಂದ ಬಂದ ಕಲಾವಿದ

ಮಾರ್ಚ್ ಮೊದಲ ವಾರ ಕೊಲಂಬೋದಲ್ಲಿ ಇಳಿದೆವು. ಬಸ್ಸು ಕಿತುಲ್‌ಗಲ ದಾಟಿಯೇ ಮೇಲೆ ಹೋಗಬೇಕು. ಕಿಟಕಿಯಾಚೆ ಹೊಳೆ ಕಂಡದ್ದೇ ತಡ ಚಿಕ್ಕಪ್ಪ "ನಿಲ್ಸೋಕೆ ಹೇಳ್ಲಾ!" ಅಂತ ಎದ್ದೇಬಿಟ್ಟರು. ಕೈಹಿಡಿದು ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು.

ನುವಾರ ಎಲಿಯಾ ಆರು ಸಾವಿರ ಅಡಿ ಮೇಲಿನ ಊರು. ಚಹಾ ತೋಟ, ತಣ್ಣನೆಯ ಗಾಳಿ. ಪೇಟೆಯ ನಡುವೆಯೇ ವಿಕ್ಟೋರಿಯಾ ಪಾರ್ಕ್ ಇದೆ. ಅಲ್ಲಿಗೆ ಚಳಿಗಾಲಕ್ಕೆ ಬರುವ ಒಬ್ಬ ಪುಟ್ಟ ಅತಿಥಿ ಕಾಶ್ಮೀರದ ನೊಣಹಿಡುಕ. ಬೇಸಿಗೆಯಲ್ಲಿ ಮರಿ ಮಾಡುವುದು ಕಾಶ್ಮೀರದ ಕಡೆ, ಚಳಿಗಾಲ ಕಳೆಯುವುದು ಹೆಚ್ಚಾಗಿ ಶ್ರೀಲಂಕಾದ ಬೆಟ್ಟಗಳಲ್ಲಿ. ನಮ್ಮ ಹಳೇ ಹಿಂದಿ ಹೀರೋಗಳಿಗೆ ಒಂದು ಹಾಡಿಗೆ ಕಾಶ್ಮೀರ ಸಿಕ್ಕಿದರೆ ಹೆಚ್ಚು. ಗುಬ್ಬಿಗಿಂತ ಚಿಕ್ಕದಾದ ಇದು ವರ್ಷವರ್ಷವೂ ಹೋಗಿ ಬರುತ್ತದೆ, ಅದೂ ಸ್ವಂತ ಖರ್ಚಿನಲ್ಲಿ!

ಬೆಳಗ್ಗೆ ಏಳಕ್ಕೆ ಬೆಂಚಿನ ಮೇಲೆ ಕೂತೆವು. ಎಂಟರ ಹೊತ್ತಿಗೆ ಹತ್ತು ಹೆಜ್ಜೆ ದೂರದ ತಗ್ಗಿನ ಕೊಂಬೆಗೆ ಬಂತು. ಇಟ್ಟಿಗೆ ಕೆಂಪು ಎದೆ, ಅದರಂಚಿಗೆ ಕಪ್ಪು ಗೆರೆ, ಮೇಲಕ್ಕೆತ್ತಿದ ಬಾಲ. ಚಿಕ್ಕಪ್ಪನ ಭುಜ ಹಿಡಿದು ಆ ಕಡೆ ತಿರುಗಿಸಿದೆ. ಬೈನಾಕ್ಯುಲರ್ ಅತ್ತಿತ್ತ ತಡಕಾಡಿತು, ಆಮೇಲೆ ನಿಂತಿತು.

"ಫೋಕಸ್ ಆಯ್ತು" ಅಂದರು ಆಪರೇಟರ್ ಸಾಹೇಬರು. ಅದು ಹಾರಿಹೋದ ಮೇಲೂ ಕೈ ಇಳಿಸಲಿಲ್ಲ.

ಮೊದಲ ಟೇಕ್ ಕೆಟ್ಟಿತು

ಕಿತುಲ್ ಅಂದರೆ ನಮ್ಮ ಬೈನೆ ಮರ, ಗಲ ಅಂದರೆ ಬಂಡೆ. ಬೈನೆಯ ಬೆಲ್ಲದ ಪಾಕವನ್ನು ಎಮ್ಮೆ ಮೊಸರಿಗೆ ಸುರಿದು ಕೊಡುತ್ತಾರೆ. ತಿಂದು 'ಸ್ತುತಿ' ಅನ್ನಿ, ಸಿಂಹಳದಲ್ಲಿ ಥ್ಯಾಂಕ್ಸಿಗೆ ಅದೇ ಮಾತು. ವಾರದ ಕೊನೆಗೆ ಹೋಗಬೇಡಿ. ಹೊಳೆಯ ರಭಸದಲ್ಲಿ ರಬ್ಬರ್ ದೋಣಿ ಆಡುವವರ ಕೇಕೆಗೆ ಹಕ್ಕಿಯ ದನಿ ಅಡಗಿಹೋಗುತ್ತದೆ.

ಸೇತುವೆ ಇದ್ದ ಜಾಗಕ್ಕೆ ಇಳಿದೆವು. ಈಗ ಅಲ್ಲಿ ಉಳಿದಿರುವುದು ಅಡಿಪಾಯದ ಕಾಂಕ್ರೀಟು ಮಾತ್ರ. ಚಿಕ್ಕಪ್ಪ ಅದರ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. 1957ರ ಮಾರ್ಚ್ ತಿಂಗಳಲ್ಲಿ ಸೇತುವೆ ಹಾರಿಸುವ ದಿನ ದೇಶದ ಪ್ರಧಾನಿ ಬಂಡಾರನಾಯಕೆಯವರೇ ನೋಡಲು ಬಂದಿದ್ದರು. ಆದರೆ ಒಬ್ಬ ಕ್ಯಾಮೆರಾಮನ್ ಸಮಯಕ್ಕೆ ಸರಿಯಾಗಿ ಜಾಗ ಖಾಲಿ ಮಾಡಲಾಗದೆ ಸ್ಫೋಟ ನಿಲ್ಲಿಸಬೇಕಾಯಿತು. ಬಂದ ರೈಲು ಸೇತುವೆ ದಾಟಿ ಆಚೆಯಿದ್ದ ಜನರೇಟರಿಗೆ ಗುದ್ದಿತು. ರಿಪೇರಿ ಮಾಡಿ ಮಾರನೆಯ ಬೆಳಗ್ಗೆ ಹಾರಿಸಿದರು.

ನಮ್ಮ ಮೊದಲ ಟೇಕೂ ಹಾಗೇ ಆಯಿತು. ಸಂಜೆ ಗೂಬೆಗೆ ಅಂತ ಹೊರಟರೆ ಗುಡುಗು, ಮಿಂಚು, ಧೋ ಮಳೆ. ಪ್ಯಾಕಪ್!

ಮಾರನೆಯ ಬೆಳಗ್ಗೆ ಊರಿನ ಗೈಡ್ ಹುಡುಗ ದೋಣಿಯಲ್ಲಿ ಹೊಳೆ ದಾಟಿಸಿ ಕಾಡಿಗೆ ಕರೆದೊಯ್ದ. ಒಂದು ಗಂಟೆ ಒಂದು ಪುಕ್ಕವೂ ಇಲ್ಲ. ನನಗೆ ಸಿಟ್ಟು ಬಂತು. ಆಮೇಲೆ ಒಮ್ಮೆಗೇ ಕಾಡು ತುಂಬಿತು! ಅಲ್ಲಿನ ಹಕ್ಕಿಗಳು ಬೆರಕೆ ಹಿಂಡು ಕಟ್ಟಿಕೊಂಡು ಓಡಾಡುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಮತ್ತು ಜುಟ್ಟಿನ ಕಾಜಾಣ ಮುಂದಾಳುಗಳು. ಉಳಿದವು ಸಿನಿಮಾ ಯೂನಿಟ್ಟಿನ ಹಾಗೆ ಹಿಂದೆ ಹಿಂದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ನಾನು ಹೆಸರು ಹಿಡಿದದ್ದು ನಾಲ್ಕೋ ಐದೋ. ಹೊಸಬರಿಗೆ ಅಷ್ಟು ಸಾಕು.

ಆ ಗೂಬೆಯ ಕತೆ

1995ರಲ್ಲಿ ಇದೇ ಕಿತುಲ್‌ಗಲದ ಕಾಡಿನಲ್ಲಿ ದೀಪಲ್ ವರಕಗೊಡ ಎಂಬ ಪಕ್ಷಿತಜ್ಞರು ಯಾವ ಪುಸ್ತಕದಲ್ಲೂ ಇಲ್ಲದ ಒಂದು ಕೂಗು ಕೇಳಿದರು. ಹಕ್ಕಿ ಕಾಣಲಿಲ್ಲ. ಕಂಡದ್ದು 2001ರ ಜನವರಿಯಲ್ಲಿ, ಸಿಂಹರಾಜ ಕಾಡಿನಲ್ಲಿ, ಟಾರ್ಚಿನ ಬೆಳಕಿಗೆ. ಕೆಂಗಂದು ಬಣ್ಣದ, ಒಂದು ಗೇಣೂ ಇಲ್ಲದ ಪುಟ್ಟ ಗೂಬೆ. 2004ರಲ್ಲಿ ಅದು ಹೊಸ ಜಾತಿಯೆಂದು ಪ್ರಕಟವಾಯಿತು. ಹೆಸರು ಸೆರೆಂಡಿಬ್ ಗೂಬೆ. ಶ್ರೀಲಂಕಾದಲ್ಲಿ 1868ರ ನಂತರ ಸಿಕ್ಕ ಮೊದಲ ಹೊಸ ಹಕ್ಕಿ! ಬರೀ ದನಿ ಕೇಳಿ ಆರು ವರ್ಷ ಅದರ ಬೆನ್ನು ಬಿಡದ ಪುಣ್ಯಾತ್ಮರು.

ಎರಡನೆಯ ಸಂಜೆ ಕಾಡಿನಂಚಿನ ದಾರಿಯಲ್ಲಿ ನಿಂತೆವು. ಬೆಳಕಿಳಿದರೆ ಚಿಕ್ಕಪ್ಪನಿಗೆ ಏನೂ ಕಾಣುವುದಿಲ್ಲ. ನನ್ನ ಭುಜ ಹಿಡಿದಿದ್ದರು. "ಭಯ ಆಗ್ತಿದೆಯಾ?" ಅಂದೆ. "ಕತ್ತಲೆ ನನಗೇನು ಹೊಸದಾ? ಸಂಬಳ ತಗೊಂಡಿದ್ದೇ ಕತ್ತಲಲ್ಲಿ" ಅಂದರು.

ಅರ್ಧ ಗಂಟೆಯಾಯಿತು. ಸೊಳ್ಳೆ. ಜೀರುಂಡೆ. ನನ್ನ ಫೋನಿನಲ್ಲಿ ಗೂಬೆಯ ಕೂಗಿನ ರೆಕಾರ್ಡಿಂಗ್ ಇತ್ತು. ಹಾಕಿದರೆ ಉತ್ತರ ಕೊಡುತ್ತದೆ ಅಂತ ಓದಿದ್ದೆ. ತೆಗೆಯುತ್ತಿದ್ದಂತೆ ಗೈಡ್ ಕೈ ಅಡ್ಡ ಹಿಡಿದ. ಇನ್ನೊಂದು ಗೂಬೆ ತನ್ನ ಜಾಗಕ್ಕೆ ಬಂತು ಅಂತ ಅದು ಬೇಟೆ ಬಿಟ್ಟು ಜಗಳಕ್ಕೆ ಬರುತ್ತದೆ. ಬಂದ ಪ್ರವಾಸಿಯೆಲ್ಲಾ ಹೀಗೇ ಮಾಡಿದರೆ ಅದರ ಗತಿಯೇನು ಅಂತ ಅವನ ಪ್ರಶ್ನೆ. ನಾನು ವಾದಕ್ಕೆ ನಿಂತೆ. ಇಷ್ಟು ದೂರ ಬಂದಿದೀವಿ, ಇವರ ಕಣ್ಣು ಹೀಗಿದೆ, ಮತ್ತೆ ಬರೋಕಾಗಲ್ಲ ಅಂದೆ.

ಚಿಕ್ಕಪ್ಪ ಭುಜ ಒತ್ತಿದರು. "ನನ್ನ ಕಣ್ಣಿನ ಹೆಸರು ಹೇಳಿ ಅದಕ್ಯಾಕ್ಲಾ ಮೋಸ ಮಾಡ್ತೀಯಾ? ಫೋನ್ ಒಳಗಿಡು."

ನಾಚಿಕೆಯಾಗಿ ಒಳಗಿಟ್ಟೆ.

ಎಷ್ಟು ಹೊತ್ತಾಯಿತೋ. ಭುಜದ ಮೇಲಿನ ಬೆರಳು ಇದ್ದಕ್ಕಿದ್ದಂತೆ ಬಿಗಿಯಾದವು. ಗೈಡ್ ಕೂಡ ತಲೆಯೆತ್ತಿದ್ದ. ನನಗೇನೂ ಕೇಳಲಿಲ್ಲ. ಪ್ರೊಜೆಕ್ಟರಿನ ಸದ್ದಿನ ಮೇಲೇ ಒಳಗೆ ಫಿಲಂ ಲೂಪ್ ತಪ್ಪುತ್ತಿದೆ ಅಂತ ಹೇಳುತ್ತಿದ್ದ ಕಿವಿಯದು, ಅದಕ್ಕೆ ಕೇಳಿತ್ತು. ಮೂರನೆಯ ಸಲ ನನಗೂ ಕೇಳಿತು. ಮೆತ್ತಗೆ, ದೂರದಲ್ಲಿ, ಒಂದೇ ಸ್ವರ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಗೈಡ್ ಟಾರ್ಚನ್ನು ಒಂದು ಸಲ ಎಲೆಗಳ ಮೇಲೆ ಹಾಯಿಸಿ ಆರಿಸಿದ. ಗೂಬೆ ನನಗೂ ಕಾಣಲಿಲ್ಲ, ಚಿಕ್ಕಪ್ಪನಿಗೂ ಕಾಣಲಿಲ್ಲ. ಆರೇಳು ಸಲ ಕೂಗಿ ಸುಮ್ಮನಾಯಿತು.

ಲಾಡ್ಜಿಗೆ ಬರುವ ದಾರಿಯಲ್ಲಿ ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಚಿಕ್ಕಪ್ಪ ಮಾತ್ರ ಹೆಜ್ಜೆಗೊಮ್ಮೆ ಆ ಕೂಗನ್ನು ಬಾಯಲ್ಲಿ ಹಿಡಿಯಲು ನೋಡುತ್ತಿದ್ದರು. "ಇವತ್ತು ನೀನೂ ನಾನೂ ಸಮ ಕಣ್ಲಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಯ ರೀಲು

ಗೆಳೆಯರೇ, ಹೋಗುವುದಾದರೆ ಎರಡೇ ಜಾಗ ಆರಿಸಿ, ಊರಲ್ಲೇ ಕಣ್ಣು ಕಿವಿ ಪಳಗಿಸಿ, ಅಲ್ಲಿಯವನೇ ಆದ ಗೈಡ್ ಹಿಡಿದು ಅವನ ಮಾತು ಕೇಳಿ. ಎಲ್ಲಕ್ಕಿಂತ ಮೊದಲು ಯಾರನ್ನು ಕರೆದುಕೊಂಡು ಹೋಗಬೇಕು ಅಂತ ತೀರ್ಮಾನಿಸಿ. ಬೈಕು ಮುಂದಿನ ವರ್ಷವೂ ಸಿಗುತ್ತದೆ.

ಚಿಕ್ಕಪ್ಪನ ಕಣ್ಣು ಇನ್ನೂ ಹಾಗೇ ಇದೆ. ದಿನಾ ಡ್ರಾಪ್ಸ್ ನಡೆದಿದೆ. ನಾನಿನ್ನೂ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. ಮೊನ್ನೆ ಸಂಜೆ ಹಿತ್ತಲ ಹುಣಸೆ ಮರದಲ್ಲಿ ಹಾಲಕ್ಕಿ ಕಿರುಚಿತು. ಅಪಶಕುನ ಅಂತ ಚಿಕ್ಕಮ್ಮ ಕಲ್ಲು ಎತ್ತಿಕೊಂಡರು. ಜಗಲಿಯಿಂದ ಚಿಕ್ಕಪ್ಪ ಕೂಗಿದರು:

"ಸುಮ್ಕಿರೇ! ತೊಂಬತ್ತು ಸಾವಿರ ಕೊಟ್ಟು ಕೇಳ್ಕೊಂಡ್ ಬಂದಿದೀವಿ. ಇದು ಪುಕ್ಕಟೆ!"